42ರಲ್ಲಿ 39: ಪಾಪ್ಲರ್ ಕೊಟ್ಟ ತೀರ್ಪು

ಊರಿನ ಮಟ್ಟದ ಚುನಾವಣೆಗಳ ಫಲಿತಾಂಶ ಇತಿಹಾಸದ ಪುಸ್ತಕಗಳಲ್ಲಿ ಜಾಗ ಪಡೆಯುವುದು ಅಪರೂಪ. ಯಾವ ವಾರ್ಡಿನಲ್ಲಿ ಯಾರು ಗೆದ್ದರು ಎಂಬುದು ಮರುದಿನದ ಪತ್ರಿಕೆಯ ಒಳಪುಟದ ಸುದ್ದಿ. ಅದರ ಮರುದಿನಕ್ಕೆ ಅದೂ ಹಳತು. 1919ರ ನವೆಂಬರಿನಲ್ಲಿ ಪೂರ್ವ ಲಂಡನ್ನಿನ ಪಾಪ್ಲರ್ ಎಂಬ ಬಡ ಬರೋದಲ್ಲಿ ನಡೆದ ಕೌನ್ಸಿಲ್ ಚುನಾವಣೆಯೂ ಹಾಗೆಯೇ ಮರೆತುಹೋಗಬಹುದಿತ್ತು. ಒಟ್ಟು 42 ಸ್ಥಾನ, ಅದರಲ್ಲಿ 39 ಲೇಬರ್ ಪಕ್ಷಕ್ಕೆ. ಆದರೆ ಎರಡು ವರ್ಷ ಕಳೆಯುವುದರೊಳಗೆ ಆ ಕೌನ್ಸಿಲ್ಲಿನ 30 ಸದಸ್ಯರು ಜೈಲಿನಲ್ಲಿದ್ದರು. ಅವರು ಹೊರಬರುವ ಹೊತ್ತಿಗೆ, ಲಂಡನ್ನಿನ ಬಡತನದ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಸರ್ಕಾರ ಹೊಸ ಉತ್ತರ ಹುಡುಕಬೇಕಾಗಿ ಬಂದಿತ್ತು. ಒಂದು ಫಲಿತಾಂಶದ ಅರ್ಥ ಮತ ಎಣಿಕೆಯ ದಿನವೇ ಪೂರ್ತಿಯಾಗಿ ತಿಳಿಯುವುದಿಲ್ಲ ಎನ್ನುವುದಕ್ಕೆ ಪಾಪ್ಲರ್ ಒಳ್ಳೆಯ ಉದಾಹರಣೆ.

ಪಾಪ್ಲರ್ ಇರುವುದು ಥೇಮ್ಸ್ ನದಿಯ ದಂಡೆಯಲ್ಲಿ. ವೆಸ್ಟ್ ಇಂಡಿಯಾ ಡಾಕ್, 1806ರಲ್ಲಿ ಆರಂಭವಾದ ಈಸ್ಟ್ ಇಂಡಿಯಾ ಡಾಕ್ ಎರಡೂ ಇಲ್ಲಿಯವೇ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಏಷ್ಯಾದಿಂದ ಹೊತ್ತು ತಂದ ಸರಕು ಇಳಿಯುತ್ತಿದ್ದ ಜಾಗ ಇದು. ಇಂದಿಗೂ ಇಲ್ಲಿನ ಮುಖ್ಯರಸ್ತೆಯ ಹೆಸರು ಈಸ್ಟ್ ಇಂಡಿಯಾ ಡಾಕ್ ರೋಡ್. ಸಾಮ್ರಾಜ್ಯದ ಸಂಪತ್ತು ಈ ದಾರಿಯಲ್ಲಿ ಹಾದುಹೋಯಿತು, ಇಲ್ಲಿ ನಿಲ್ಲಲಿಲ್ಲ. ಹಡಗುಕಟ್ಟೆಯ ಕೂಲಿಗಳು ಬೆಳಿಗ್ಗೆ ಗೇಟಿನ ಮುಂದೆ ಗುಂಪು ಸೇರುತ್ತಿದ್ದರು. ಮೇಸ್ತ್ರಿ ಬೊಟ್ಟು ಮಾಡಿ ಕರೆದವನಿಗೆ ಆ ದಿನ ಅಥವಾ ಅರ್ಧ ದಿನ ಕೆಲಸ, ಉಳಿದವರು ಬರಿಗೈಯಲ್ಲಿ ಮನೆಗೆ. ಹಡಗು ಬರದಿದ್ದರೆ ಕೂಲಿಯೂ ಇಲ್ಲ.

ಮತ ಹಾಕಿದವರು ಯಾರೆಂದು ನೋಡಿದರೆ 39 ಎಂಬ ಅಂಕಿ ಅರ್ಥವಾಗತೊಡಗುತ್ತದೆ. ಯುದ್ಧದ ಕಾರಣದಿಂದ 1912ರ ನಂತರ ಲಂಡನ್ನಿನ ಬರೋಗಳಿಗೆ ಚುನಾವಣೆಯೇ ನಡೆದಿರಲಿಲ್ಲ. ಈ ನಡುವೆ 1918ರ ಜನಪ್ರಾತಿನಿಧ್ಯ ಕಾಯ್ದೆ ಬಂದು ಮತದಾರರ ಪಟ್ಟಿಯನ್ನೇ ಬದಲಿಸಿತ್ತು. ಅದರ ಬಗ್ಗೆ ನಾವು ಸಾಮಾನ್ಯವಾಗಿ ಓದುವುದು, ಮೂವತ್ತು ದಾಟಿದ ಮಹಿಳೆಯರಲ್ಲಿ ಬಹುಪಾಲಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಸಿಕ್ಕಿತು ಎಂದು. ಅದೇ ಕಾಯ್ದೆ ಇನ್ನೆರಡು ಕೆಲಸ ಮಾಡಿತು. ಸ್ಥಳೀಯ ಮತದಾರರಾಗಿದ್ದ ಗಂಡಸರ ಹೆಂಡತಿಯರಿಗೆ, ಅವರು ಮೂವತ್ತು ದಾಟಿದ್ದರೆ, ಕೌನ್ಸಿಲ್ ಚುನಾವಣೆಯಲ್ಲೂ ಮತ ಕೊಟ್ಟಿತು. ಬಡವರ ಪರಿಹಾರ ಪಡೆದವರಿಗೆ ಮತವಿಲ್ಲ ಎಂಬ ಹಳೆಯ ನಿಯಮವನ್ನು ತೆಗೆದುಹಾಕಿತು. ಹಸಿವಾದಾಗ ನೆರವು ಕೇಳಿದ ತಪ್ಪಿಗೆ ಪೌರತ್ವದ ಹಕ್ಕನ್ನೇ ಬಿಟ್ಟುಕೊಡಬೇಕಾಗಿದ್ದ ಪದ್ಧತಿ ಅಲ್ಲಿಗೆ ಕೊನೆಯಾಯಿತು. ಪಾಪ್ಲರಿನಂಥ ಊರಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಗೆದ್ದು ಬಂದವರಲ್ಲಿ ಹೆಚ್ಚಿನವರು ಅದೇ ಬೀದಿಗಳವರು: ರೈಲ್ವೆ ಕೆಲಸಗಾರರು, ಡಾಕಿನ ಕೂಲಿಗಳು, ಅಂಚೆ ನೌಕರರು. ಅವರಿಗೆ ಮುಂದಾಳಾಗಿದ್ದವರು ಜಾರ್ಜ್ ಲಾನ್ಸ್‌ಬರಿ. 1893ರಲ್ಲೇ ಅವರು ಪಾಪ್ಲರಿನ ಗಾರ್ಡಿಯನ್ಸ್ ಮಂಡಳಿಗೆ, ಎಂದರೆ ಬಡವರಿಗೆ ಪರಿಹಾರ ಹಂಚುವ ಸಮಿತಿಗೆ, ಆಯ್ಕೆಯಾಗಿದ್ದರು. ಈಗ ಮೇಯರ್ ಆದರು. ಹೊಸ ಕೌನ್ಸಿಲ್ ಮನೆ ಕಟ್ಟಿಸುವುದಕ್ಕೆ, ತಾಯಿ ಮಕ್ಕಳ ಆರೋಗ್ಯಕ್ಕೆ ಹಣ ಖರ್ಚು ಮಾಡಿತು. 1920ರಲ್ಲಿ ತನ್ನ ನೌಕರರಿಗೆ ವಾರಕ್ಕೆ 4 ಪೌಂಡ್ ಕನಿಷ್ಠ ಸಂಬಳ ನಿಗದಿ ಮಾಡಿತು. ಗಂಡಸರಿಗೂ ಹೆಂಗಸರಿಗೂ ಒಂದೇ ಮೊತ್ತ. ಈ ನಾಲ್ಕು ಪೌಂಡಿನ ಕಥೆ ಮುಂದೆ ಮತ್ತೆ ಬರುತ್ತದೆ.

ತೊಡಕು ಇದ್ದದ್ದು ಹಣದ ಮೂಲದಲ್ಲಿ. ಇಂಗ್ಲೆಂಡಿನ ಕೌನ್ಸಿಲ್ಲುಗಳು ನಡೆಯುತ್ತಿದ್ದದ್ದು 'ರೇಟ್ಸ್' ಎಂಬ ಸ್ಥಳೀಯ ತೆರಿಗೆಯ ಮೇಲೆ, ನಮ್ಮ ಊರುಗಳ ಮನೆಗಂದಾಯದ ಹಾಗೆ. ಕಟ್ಟಡಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು ಅಂದಾಜು ಮಾಡಿ, ಆ ಅಂದಾಜಿನ ಒಂದೊಂದು ಪೌಂಡಿಗೆ ಇಷ್ಟು ಎಂದು ವಸೂಲಿ. ವೆಸ್ಟ್‌ಮಿನ್‌ಸ್ಟರಿನಂಥ ಶ್ರೀಮಂತ ಬರೋದಲ್ಲಿ ಪೌಂಡಿಗೆ ಒಂದು ಪೆನ್ನಿ ಹಾಕಿದರೆ ಬರುವ ಹಣ, ಪಾಪ್ಲರಿನಲ್ಲಿ ಅದೇ ಒಂದು ಪೆನ್ನಿಗೆ ಬರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೆ ನಿರುದ್ಯೋಗಿಗಳಿದ್ದದ್ದು ಪಾಪ್ಲರಿನಲ್ಲಿ. ಅವರ ಪರಿಹಾರದ ಖರ್ಚಿನ ಬಹುಭಾಗವನ್ನು ಆಯಾ ಊರಿನವರೇ ಭರಿಸಬೇಕು ಎಂಬುದು ನಿಯಮ. ಎಲ್ಲಿ ಬಡವರು ಹೆಚ್ಚೋ ಅಲ್ಲಿ ತೆರಿಗೆಯ ದರವೂ ಹೆಚ್ಚು, ಕೊಡಬೇಕಾದವರೂ ಬಡವರೇ.

ಯುದ್ಧಾನಂತರದ ಅಲ್ಪಕಾಲದ ಏಳಿಗೆ 1920ರ ಕೊನೆಗೆ ಕುಸಿಯಿತು. ನಿರುದ್ಯೋಗ ಏರಿತು. ಕೌನ್ಸಿಲ್ಲಿನ ಮುಂದೆ ಉಳಿದದ್ದು ಎರಡು ದಾರಿ: ತೆರಿಗೆ ಇನ್ನೂ ಏರಿಸುವುದು, ಇಲ್ಲವೇ ಪರಿಹಾರ ಕಡಿತ ಮಾಡುವುದು. 1921ರ ಮಾರ್ಚಿನಲ್ಲಿ ಕೌನ್ಸಿಲ್ ಮೂರನೆಯ ದಾರಿ ಹಿಡಿಯಿತು. ಪ್ರತಿ ಬರೋ ತನ್ನ ತೆರಿಗೆಯ ಜೊತೆಗೆ ಇಡೀ ಲಂಡನ್ನಿನ ನಾಲ್ಕು ಸಂಸ್ಥೆಗಳ ಪಾಲನ್ನೂ ವಸೂಲು ಮಾಡಿ ಕೊಡಬೇಕಿತ್ತು: ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್, ನೀರಿನ ಮಂಡಳಿ, ಆಸ್ಪತ್ರೆಗಳನ್ನು ನಡೆಸುತ್ತಿದ್ದ ಅಸೈಲಮ್ಸ್ ಮಂಡಳಿ. ಈ ನಾಲ್ಕರ ಪಾಲನ್ನು ನಾವು ವಸೂಲು ಮಾಡುವುದೇ ಇಲ್ಲ ಎಂದು ಪಾಪ್ಲರ್ ತೀರ್ಮಾನಿಸಿತು. ಬರೋಗಳ ನಡುವೆ ತೆರಿಗೆಯ ಹೊರೆ ಸಮನಾಗಿ ಹಂಚಿಕೆಯಾಗಲಿ ಎಂಬುದು ಅವರ ಬೇಡಿಕೆ.

ಕೌಂಟಿ ಕೌನ್ಸಿಲ್ ಮತ್ತು ಅಸೈಲಮ್ಸ್ ಮಂಡಳಿ ನ್ಯಾಯಾಲಯಕ್ಕೆ ಹೋದವು. ಜುಲೈ 29ರಂದು ಕೌನ್ಸಿಲ್ ಸದಸ್ಯರು ಹೈಕೋರ್ಟಿಗೆ ನಡೆದುಕೊಂಡೇ ಹೊರಟರು. ಮುಂದೆ ಅಧಿಕಾರದ ದಂಡ ಹಿಡಿದ ಸೇವಕ, ಆಗ ಮೇಯರ್ ಆಗಿದ್ದ ಸ್ಯಾಮ್ ಮಾರ್ಚ್, ಹಿಂದೆ ಬೆಂಬಲಿಗರ ದೊಡ್ಡ ಮೆರವಣಿಗೆ. ಕೋರ್ಟಿಗೆ ಹೋಗುತ್ತಿದ್ದೇವೆ, ಅಲ್ಲಿಂದ ಬಹುಶಃ ಜೈಲಿಗೆ ಎಂಬ ಅರ್ಥದ ಬ್ಯಾನರನ್ನು ಅವರೇ ಹಿಡಿದಿದ್ದರು. ಕೋರ್ಟು ಹಣ ಕೊಡಿ ಎಂದು ಆದೇಶಿಸಿತು. ಅವರು ಕೊಡಲಿಲ್ಲ. ಸೆಪ್ಟೆಂಬರ್ ಮೊದಲ ದಿನದಿಂದ ಬಂಧನ ಶುರುವಾಯಿತು. 25 ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಐವರು ಮಹಿಳೆಯರು ಹಾಲೋವೇ ಜೈಲಿಗೆ.

ಆ ಐವರು: ಸೂಸನ್ ಲಾರೆನ್ಸ್, ಜೂಲಿಯಾ ಸ್ಕರ್, ಜೆನಿ ಮೆಕೇ, ಮಿನ್ನಿ ಲಾನ್ಸ್‌ಬರಿ, ನೆಲ್ಲಿ ಕ್ರೆಸಲ್. ಕ್ರೆಸಲ್ ಆಗ ತುಂಬು ಗರ್ಭಿಣಿ. ಸರ್ಕಾರಕ್ಕೆ ಇದೇ ಇರಿಸುಮುರಿಸಾಗಿ ಆಕೆಯನ್ನು ಮೊದಲೇ ಬಿಡಬೇಕಾಯಿತು. ಕೌನ್ಸಿಲ್ಲಿನ ಸಭೆಗಳು ಬ್ರಿಕ್ಸ್‌ಟನ್ ಜೈಲಿನೊಳಗೇ ನಡೆದವು. ಸಭೆಗಾಗಿ ಮಹಿಳಾ ಸದಸ್ಯರನ್ನು ಹಾಲೋವೇಯಿಂದ ಕರೆತರುತ್ತಿದ್ದರು. ನೆರೆಯ ಸ್ಟೆಪ್ನಿ ಮತ್ತು ಬೆತ್ನಲ್ ಗ್ರೀನ್ ಕೌನ್ಸಿಲ್ಲುಗಳೂ ಪಾಪ್ಲರಿನ ದಾರಿ ಹಿಡಿಯುವುದಾಗಿ ನಿರ್ಣಯಿಸಿದವು. ಜೈಲುಗಳಿಗೆ ಕೌನ್ಸಿಲ್ಲುಗಳನ್ನೇ ತುಂಬುತ್ತ ಹೋಗಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಅಕ್ಟೋಬರ್ 12ರಂದು ಎಲ್ಲರ ಬಿಡುಗಡೆಯಾಯಿತು. ಅದೇ ವರ್ಷ ಬಂದ ಹೊಸ ಕಾಯ್ದೆ, ಬಡವರ ಪರಿಹಾರದ ಖರ್ಚಿನಲ್ಲಿ ಹೆಚ್ಚಿನ ಪಾಲನ್ನು ಇಡೀ ಲಂಡನ್ನಿನ ಸಾಮಾನ್ಯ ನಿಧಿಗೆ ವರ್ಗಾಯಿಸಿತು. ಶ್ರೀಮಂತ ಬರೋಗಳ ಪೆನ್ನಿ ಬಡ ಬರೋಗಳಿಗೆ ಹರಿಯತೊಡಗಿತು.

ಗೆಲುವಿಗೆ ಬೆಲೆಯೂ ಇತ್ತು. ವಲಸೆ ಬಂದ ಯಹೂದಿ ಕುಟುಂಬದ ಮಗಳು, ಶಾಲಾ ಶಿಕ್ಷಕಿಯಾಗಿದ್ದ, ಜಾರ್ಜ್ ಲಾನ್ಸ್‌ಬರಿಯವರ ಸೊಸೆ ಮಿನ್ನಿ 1922ರ ಜನವರಿ ಮೊದಲ ದಿನ ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು 32. ಬೋ ರೋಡಿನಲ್ಲಿ ಅವರ ನೆನಪಿಗೆ ಒಂದು ಗಡಿಯಾರವಿದೆ.

ಪಾಪ್ಲರ್ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಲೇಬರ್ ಪಕ್ಷದೊಳಗೇ ಎದ್ದಿತ್ತು. ಹ್ಯಾಕ್ನಿಯ ಮೇಯರ್ ಹರ್ಬರ್ಟ್ ಮಾರಿಸನ್ ಇದನ್ನು ಬಲವಾಗಿ ವಿರೋಧಿಸಿದರು. ಕಾನೂನು ಮುರಿಯುವವರ ಕೈಗೆ ಜನ ಅಧಿಕಾರ ಕೊಡುವುದಿಲ್ಲ, ಆಡಳಿತ ನಡೆಸಲು ಯೋಗ್ಯರು ಎಂದು ನಾವು ತೋರಿಸಬೇಕು ಎಂಬುದು ಅವರ ನಿಲುವು. ಇದನ್ನು ಹೇಡಿತನ ಎಂದು ತಳ್ಳಿಹಾಕುವಂತಿಲ್ಲ. ಇಂದು ಬಡವರ ಪರ ಕೌನ್ಸಿಲ್ ಕಾನೂನು ಮುರಿದರೆ, ನಾಳೆ ಬಡವರ ವಿರುದ್ಧವಿರುವ ಕೌನ್ಸಿಲ್ಲೂ ಅದೇ ಹಕ್ಕು ಕೇಳಬಹುದು. ಆದರೆ 1922ರ ಚುನಾವಣೆಯಲ್ಲಿ ಲಂಡನ್ನಿನಾದ್ಯಂತ ಲೇಬರ್ ಹಿನ್ನಡೆ ಕಂಡಾಗ, ಶಿಸ್ತಿನ ಹ್ಯಾಕ್ನಿ ಪಕ್ಷದ ಕೈತಪ್ಪಿತು. ಜೈಲಿಗೆ ಹೋದ ಪಾಪ್ಲರ್ ಉಳಿಯಿತು.

ಇನ್ನು ನಾಲ್ಕು ಪೌಂಡಿನ ಕಥೆ. ಬೆಲೆಗಳು ಇಳಿದು ಹೊರಗಿನ ಕೂಲಿಯೂ ಇಳಿದಾಗ ಪಾಪ್ಲರ್ ತನ್ನ ಸಂಬಳ ಇಳಿಸಲಿಲ್ಲ. ಸರ್ಕಾರಿ ಲೆಕ್ಕ ಪರಿಶೋಧಕರು ಇದು ಅತಿಯಾಯಿತೆಂದು 5,000 ಪೌಂಡನ್ನು ಸದಸ್ಯರೇ ತುಂಬಿಕೊಡಬೇಕು ಎಂದರು. ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, 1925ರಲ್ಲಿ ತೀರ್ಪು ಪರಿಶೋಧಕರ ಪರವಾಗಿ ಬಂತು. ಸಮಾಜವಾದದ ದಾನಬುದ್ಧಿಗೂ ಹೆಣ್ಣು ಗಂಡು ಸಮಾನ ಎಂಬ ಹಂಬಲಕ್ಕೂ ಮರುಳಾಗಿ ಕೌನ್ಸಿಲ್ ತೆರಿಗೆದಾರರ ಹಣ ಖರ್ಚು ಮಾಡುವಂತಿಲ್ಲ ಎಂಬ ಧಾಟಿಯಲ್ಲಿ ಒಬ್ಬ ನ್ಯಾಯಾಧೀಶರು ಬರೆದರು. ಸಮಾನ ಸಂಬಳ ಕೊಡುತ್ತೇವೆಂದವರನ್ನು ಜನ ಗೆಲ್ಲಿಸಿದ್ದರು. ಅದು ವಿವೇಕವೋ ಅಲ್ಲವೋ ಎಂದು ಹೇಳುವ ಹಕ್ಕು ಯಾರದು? ಈ ಪ್ರಕರಣ ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠದಲ್ಲಿದೆ.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದ ಗಾಂಧೀಜಿ ದೊಡ್ಡ ಹೋಟೆಲನ್ನು ಬಿಟ್ಟು ಇದೇ ಬರೋದ ಬೋ ಪ್ರದೇಶದ ಕಿಂಗ್ಸ್‌ಲಿ ಹಾಲಿನಲ್ಲಿ ಉಳಿದರು. ಅದನ್ನು ನಡೆಸುತ್ತಿದ್ದ ಮ್ಯೂರಿಯಲ್ ಲೆಸ್ಟರ್ 1922ರಲ್ಲಿ ಪಾಪ್ಲರ್ ಕೌನ್ಸಿಲ್ ಸೇರಿದ್ದವರು. ತೆರಿಗೆ ಕೊಡದೆ ಜೈಲಿಗೆ ಹೋಗುವುದು ಅತಿಥಿಗೂ ಹೊಸದಲ್ಲ, ಆ ಬೀದಿಯವರಿಗೂ ಹೊಸದಲ್ಲ.

1965ರಲ್ಲಿ ಪಾಪ್ಲರ್ ಬರೋ ಟವರ್ ಹ್ಯಾಮ್ಲೆಟ್ಸಿನಲ್ಲಿ ವಿಲೀನವಾಯಿತು. ಅಲ್ಲಿಯವರೆಗೂ ಲೇಬರ್ ಪಕ್ಷ ಅಲ್ಲಿ ಅಧಿಕಾರ ಕಳೆದುಕೊಳ್ಳಲಿಲ್ಲ. ಬಡವರ ಪರಿಹಾರ ಪಡೆದವರಿಗೂ ಮತವಿರಲಿ ಎಂದು 1918ರ ಕಾಯ್ದೆಗೆ ಸೇರಿಸಿದ ಒಂದು ಸಾಲು ಇಷ್ಟು ದೂರ ಬರುತ್ತದೆಂದು ಅದನ್ನು ಬರೆದವರೂ ಎಣಿಸಿರಲಾರರು.