‘ಆಂಗ್ರಿ, ಹಂಗ್ರಿ’ ಆಯಿತು, ಮೂರನೇ ಪದ ಯಾವುದು? ಫಾರ್ವರ್ಡ್ ಒಗಟಿನ ಅಸಲಿಯತ್ತು

“ಇಂಗ್ಲಿಷ್ ಭಾಷೆಯಲ್ಲಿ ಜಿ-ಆರ್-ವೈ ಅಕ್ಷರಗಳಿಂದ ಮುಗಿಯುವ ಪದಗಳು ಮೂರೇ ಮೂರು. ಆಂಗ್ರಿ, ಹಂಗ್ರಿ... ಮೂರನೆಯದು ಯಾವುದು? ಬುದ್ಧಿವಂತರಿಗೆ ಮಾತ್ರ!”

ಇಂತಹ ಒಗಟು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಉತ್ತರ ಹೊಳೆಯದೆ ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ದೊಡ್ಡವರು ‘ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ’ ಎಂದು ಸುಮ್ಮನಾಗುತ್ತಾರೆ. ಆದರೆ ತೊಂದರೆ ಇರುವುದು ನಿಮ್ಮ ಇಂಗ್ಲಿಷಿನಲ್ಲಲ್ಲ, ಪ್ರಶ್ನೆಯಲ್ಲಿ. ಅದು ಹೇಗೆ? ಬನ್ನಿ, ನೋಡೋಣ.

ಒಗಟು ಹುಟ್ಟಿದ್ದು ಎಲ್ಲಿ?

ಇದು ಮೊಬೈಲ್ ಕಾಲದ ಒಗಟಲ್ಲ. 1975ರಲ್ಲೇ ಅಮೆರಿಕದಲ್ಲಿ ಜನರ ಬಾಯಲ್ಲಿ ಓಡಾಡುತ್ತಿತ್ತು. ಉತ್ತರ ಕೇಳಿಕೊಂಡು ಜನ ಗ್ರಂಥಾಲಯಗಳಿಗೆ ಹೋಗುತ್ತಿದ್ದರು.

ಇದರ ಒಂದು ರೂಪ ಬರೀ ಮಾತಿನ ಚಮತ್ಕಾರ. ‘ದಿ ಇಂಗ್ಲಿಷ್ ಲ್ಯಾಂಗ್ವೇಜ್’ ಎಂಬಲ್ಲಿ ಮೂರು ಪದಗಳಿವೆ, ಮೂರನೆಯದು ‘ಲ್ಯಾಂಗ್ವೇಜ್’. ಅದೇ ಉತ್ತರ! ಆಂಗ್ರಿ, ಹಂಗ್ರಿ ಎಲ್ಲ ದಾರಿ ತಪ್ಪಿಸಲು ಅಷ್ಟೇ. ಕನ್ನಡಕ್ಕೆ ತಂದರೆ ‘ಇಂಗ್ಲಿಷ್ ಭಾಷೆ’ ಎರಡೇ ಪದವಾಗುತ್ತದೆ. ಹಾಗಾಗಿ ಚಮತ್ಕಾರ ಹೋಗಿ ಬರೀ ಗೊಂದಲ ಉಳಿಯುತ್ತದೆ.

ಹಾಗಾದರೆ ಮೂರನೇ ಪದ ಇಲ್ಲವೇ?

ಇದೆ, ಒಂದಲ್ಲ, ಹಲವು. ಆದರೆ ದಿನಬಳಕೆಯವಲ್ಲ.

• ಪಗ್ರಿ: ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿದೆ. ಇದು ನಮ್ಮ ಕಡೆಯಿಂದಲೇ ಹೋದ ಪದ, ಹಿಂದಿಯ ಪಗಡಿ, ಅಂದರೆ ಪೇಟ.
• ಆಗ್ರಿ: ಪಶ್ಚಿಮ ಆಫ್ರಿಕಾದ ಹಳೆಯ ಬಣ್ಣದ ಮಣಿಗಳಿಗೆ ಇರುವ ಹೆಸರು.
• ಹ್ಯಾಂಗ್ರಿ: ಹಸಿವಿನಿಂದ ಬರುವ ಸಿಡುಕು. ಹಂಗ್ರಿ ಮತ್ತು ಆಂಗ್ರಿ ಸೇರಿ ಆದ ಈ ಪದ 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೆ ಸೇರಿತು.

ಹೀಗಾಗಿ ‘ಮೂರೇ ಮೂರು’ ಎಂಬುದು ತಪ್ಪು.

ಇದೇ ಜಾತಿಯ ಇನ್ನಷ್ಟು ಫಾರ್ವರ್ಡ್‌ಗಳು

“ಕ್ಯೂ ಆದ ಮೇಲೆ ಯು ಬರಲೇಬೇಕು”: ತಪ್ಪು. ಸ್ಕ್ರ್ಯಾಬಲ್ ಆಡುವವರಿಗೆ ‘ಚೀ’ (ಬರೆಯುವುದು ಕ್ಯೂ-ಐ) ಎಂಬ ಎರಡಕ್ಷರದ ಪದ ಗೊತ್ತಿರುತ್ತದೆ. ಚೀನೀಯರ ನಂಬಿಕೆಯ ಜೀವಶಕ್ತಿಗೆ ಇರುವ ಹೆಸರು ಅದು. ನಮ್ಮ ‘ಕವ್ವಾಲಿ’ಯನ್ನೂ ಇಂಗ್ಲಿಷಿನಲ್ಲಿ ಯು ಇಲ್ಲದ ಕ್ಯೂನಿಂದಲೇ ಬರೆಯುತ್ತಾರೆ.

“ಎಂ-ಟಿಯಿಂದ ಮುಗಿಯುವ ಏಕೈಕ ಪದ ಡ್ರೆಮ್ಟ್”: ಅದರ ವಿರುದ್ಧಪದ ‘ಅನ್‌ಡ್ರೆಮ್ಟ್’ ಕೂಡ ನಿಘಂಟಿನಲ್ಲಿದೆ.

“ಡಿ-ಓ-ಯು-ಎಸ್ ಕೊನೆಯ ಪದಗಳು ನಾಲ್ಕೇ: ಟ್ರೆಮೆಂಡಸ್, ಹೊರೆಂಡಸ್, ಸ್ಟುಪೆಂಡಸ್, ಹಜಾರ್ಡಸ್”: ಕಾಲಿಲ್ಲದ ಪ್ರಾಣಿಗಳನ್ನು ಹೇಳುವ ‘ಆಪೊಡಸ್’ ಎಂಬ ಪದವೂ ಇದೆ.

ನೀವೇ ಪರೀಕ್ಷಿಸುವುದು ಹೇಗೆ?

ನಮ್ಮ ನೆನಪು ಪದದ ಮೊದಲ ಅಕ್ಷರ ಹಿಡಿದು ಹುಡುಕುವುದರಲ್ಲಿ ಚುರುಕು. ಕೊನೆಯ ಅಥವಾ ನಡುವಿನ ಅಕ್ಷರ ಕೊಟ್ಟರೆ ತಡವರಿಸುತ್ತದೆ. ಮುದ್ರಿತ ನಿಘಂಟಿನಲ್ಲೂ ಅದೇ ಕಷ್ಟ. ಕಂಪ್ಯೂಟರಿಗೆ ಈ ತೊಡಕಿಲ್ಲ. ಒನ್‌ಲುಕ್ ಎಂಬ ನಿಘಂಟು ಹುಡುಕಾಟದ ವೆಬ್‌ಸೈಟಿನಲ್ಲಿ ಎರಡು ಚಿಹ್ನೆ ತಿಳಿದಿದ್ದರೆ ಸಾಕು.

* ಎಂದರೆ ‘ಎಷ್ಟು ಅಕ್ಷರವಾದರೂ ಇರಲಿ’. ಇದರ ಮುಂದೆ ಜಾಗ ಬಿಡದೆ ಜಿ, ಆರ್, ವೈ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ, ಹಾಗೆ ಮುಗಿಯುವ ಪದಗಳೆಲ್ಲ ಬರುತ್ತವೆ.

? ಎಂದರೆ ‘ಇಲ್ಲಿ ಒಂದೇ ಅಕ್ಷರ’. ಐದಕ್ಷರದ ಪದದಲ್ಲಿ ಮೂರನೆಯದು ಎ, ಐದನೆಯದು ಟಿ ಎಂದು ಗೊತ್ತಿದೆ ಎನ್ನಿ. ಎರಡು ?, ಆಮೇಲೆ ಎ, ಮತ್ತೊಂದು ?, ಕೊನೆಗೆ ಟಿ ಹಾಕಿ. ಹಾರ್ಟ್, ಟೋಸ್ಟ್, ಜೈಂಟ್, ಪ್ಲಾಂಟ್ ಮುಂತಾದವು ಸಿಗುತ್ತವೆ. ಈ ನಾಲ್ಕರ ಉಚ್ಚಾರಣೆ ಬೇರೆ ಬೇರೆ, ಅಕ್ಷರದ ಜಾಗ ಮಾತ್ರ ಒಂದೇ. ಕನ್ನಡದಂತೆ ಕೇಳಿದ್ದನ್ನು ಬರೆಯುವ ರೂಢಿ ಇಲ್ಲಿ ನಡೆಯದು. ಆದ್ದರಿಂದ ಕಿವಿಯನ್ನು ನಂಬಬೇಡಿ, ಸ್ಪೆಲ್ಲಿಂಗ್ ಹಿಡಿದು ಹುಡುಕಿ.

ಒಂದು ವಿಷಯ ನೆನಪಿಡಿ. ನಿಘಂಟಿನಲ್ಲಿರುವ ಪದಗಳನ್ನೆಲ್ಲ ಆಟ ಒಪ್ಪುವುದಿಲ್ಲ. ಪ್ರತಿ ಆಟಕ್ಕೂ ತನ್ನದೇ ಪದಪಟ್ಟಿ ಇರುತ್ತದೆ. ಸ್ಕ್ರ್ಯಾಬಲ್‌ನಲ್ಲಿ ಉತ್ತರ ಅಮೆರಿಕದ ಪಟ್ಟಿ ಬೇರೆ, ಇತರ ಹಲವು ದೇಶಗಳಲ್ಲಿ ಬಳಸುವ ಕಾಲಿನ್ಸ್ ಪಟ್ಟಿ ಬೇರೆ. ಆದ್ದರಿಂದ ಮನೆಯಲ್ಲಿ ಜಗಳ ಬೇಡವೆಂದರೆ ಯಾವ ನಿಘಂಟು ಎಂದು ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ.

ಎಚ್ಚರ ಇರಲಿ

ಪದ ಹುಡುಕಿಕೊಡುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಆಗಲಿ, ಎಸ್‌ಎಂಎಸ್ ಆಗಲಿ ಬೇಕಾಗಿಲ್ಲ. ಕೇಳಿದರೆ ‘ಅನುಮತಿ ಇಲ್ಲ’ ಒತ್ತಿ. ‘ಸರಿ ಉತ್ತರಕ್ಕೆ ಉಚಿತ ರೀಚಾರ್ಜ್’ ಎಂಬ ಲಿಂಕ್ ಒಗಟಿನ ಜೊತೆ ಬಂದರೆ ತೆರೆಯಬೇಡಿ, ಒಟಿಪಿಯನ್ನಂತೂ ಯಾರಿಗೂ ಕೊಡಬೇಡಿ.

ಕೊನೆಯದಾಗಿ

ಫಾರ್ವರ್ಡ್‌ನಲ್ಲಿ ‘ಏಕೈಕ’, ‘ಮೂರೇ ಮೂರು’, ‘ಬೇರೆ ಇಲ್ಲವೇ ಇಲ್ಲ’ ಎಂಬ ಮಾತು ಕಂಡರೆ ಅಲ್ಲೇ ಒಂದು ಕ್ಷಣ ನಿಲ್ಲಿ. ‘ಇದೆ’ ಎನ್ನಲು ಒಂದು ಉದಾಹರಣೆ ಸಾಕು. ‘ಇಲ್ಲ’ ಎನ್ನಬೇಕಾದರೆ ಇಡೀ ನಿಘಂಟು ಜಾಲಾಡಬೇಕು. ಒಗಟು ಕಳಿಸಿದವರು ಆ ಕೆಲಸ ಮಾಡಿರುವುದು ಅಪರೂಪ. ಈಗ ನೀವು ಅರ್ಧ ನಿಮಿಷದಲ್ಲಿ ಮಾಡಬಲ್ಲಿರಿ. ಉತ್ತರ ಗೊತ್ತಾಗದೆ ಪೆಚ್ಚಾಗಿರುವ ಮಗುವಿಗೂ ಇದನ್ನು ತೋರಿಸಿಕೊಡಿ.