ಗೂಡು ತಪ್ಪಿದ ಜೀವಕೋಶ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ‘ಗೂಡು’ ಎಂದೊಡನೆ ನೆನಪಿಗೆ ಬರುವುದು ಹಕ್ಕಿಯದಲ್ಲ, ರೇಷ್ಮೆಯದು. ನಾಲ್ಕು ಜ್ವರ ಕಳೆದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಾರೆ. ಆಸರೆ ದೊರೆತರೇ ಅದರ ಗೂಡು ಗಟ್ಟಿ. ಇದನ್ನು ಹೋಲುವ ನಿಯಮವೊಂದು ನಮ್ಮ ಮೈಯ ಜೀವಕೋಶಗಳಿಗೂ ಉಂಟು. ಅದನ್ನು ಕಂಡುಕೊಂಡ ಚರಿತ್ರೆ ಮನನೀಯವಾದುದು.

1964ರಲ್ಲಿ ಮ್ಯಾಕ್‌ಫರ್ಸನ್ ಮತ್ತು ಮಾಂಟಾನ್ಯೆ ಎಂಬ ವಿಜ್ಞಾನಿಗಳು ಜೀವಕೋಶಗಳನ್ನು ಮೆದುವಾದ ಅಗರ್‌ನಲ್ಲಿ ತೇಲಿಬಿಟ್ಟು ನೋಡಿದರು. ಸಹಜ ಕೋಶಗಳು ಬಹುಮಟ್ಟಿಗೆ ಬೆಳೆಯದೆ ನಿಂತವು. ವೈರಸ್ಸಿನಿಂದ ಕ್ಯಾನ್ಸರಿನ ಗುಣ ಪಡೆದವು ನಿರಾತಂಕವಾಗಿ ಹೆಚ್ಚಿದವು. 1968ರಲ್ಲಿ ಸ್ಟೋಕರ್ ಮತ್ತು ಸಂಗಡಿಗರು ತೇಲುವ ಸಹಜ ಕೋಶಗಳಿಗೆ ಗಾಜಿನ ಸಣ್ಣ ಎಳೆಗಳನ್ನು ಒದಗಿಸಿದರು. ಎಳೆಗೆ ಅಂಟಿಕೊಂಡ ಕೋಶಗಳು ವೃದ್ಧಿಯಾದವು. ನೆಲೆಯಿಲ್ಲದೆ ಬೆಳವಣಿಗೆಯಿಲ್ಲ ಎಂಬುದು ಅಲ್ಲಿ ಸ್ಥಿರಪಟ್ಟಿತು.

ಅಂಟಿಕೊಂಡ ಸುದ್ದಿ ಕೋಶದ ಒಳಗೆ ಮುಟ್ಟುವುದಾದರೂ ಹೇಗೆ? 1984ರಲ್ಲಿ ಪಿಯರ್ಷ್‌ಬಾಕರ್ ಮತ್ತು ರುವೊಸ್ಲಾಟಿ, ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನಲ್ಲಿ ಕೋಶಗಳು ಹಿಡಿಯುವ ತಾಣ ಕೆಲವೇ ಅಮೈನೋ ಆಮ್ಲಗಳದೆಂದು ತೋರಿಸಿದರು. ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅದರ ಬೀಜಾಕ್ಷರಗಳು. ಅವನ್ನು ಹಿಡಿಯುವ ಕೋಶದ ಕೈಗೆ 1986ರಲ್ಲಿ ‘ಇಂಟಗ್ರಿನ್’ ಎಂಬ ಹೆಸರು ಬಂತು. ಈ ಪ್ರೋಟೀನಿನ ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ. ಹೊರಗಿನ ಹಿಡಿತ ಬಿಗಿಯಾದಾಗ ಒಳತುದಿಯ ಬಳಿಯ ಕಿಣ್ವಗಳು ಎಚ್ಚೆತ್ತು ‘ಬದುಕು, ಬೆಳೆ’ ಎಂಬ ಸಂದೇಶವನ್ನು ಕೋಶಕೇಂದ್ರದ ಕಡೆಗೆ ದಾಟಿಸುತ್ತವೆ. ಅಂಥ ಮುಖ್ಯ ಕಿಣ್ವವೊಂದು 1992ರಲ್ಲಿ ಬೆಳಕಿಗೆ ಬಂತು.

ಹಿಡಿತ ತಪ್ಪಿದರೆ? ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನ್ನನ್ನು ಈ ಚರಿತ್ರೆಯತ್ತ ಸೆಳೆದದ್ದು ಇದಕ್ಕೆ ಸಲ್ಲುವ ಒಂದು ಪದ. ಹೊದಿಕೆಯ ಪದರದ ಕೋಶ ತನ್ನ ನೆಲೆಯಿಂದ ಕಳಚಿದರೆ ತಾನಾಗಿಯೇ ಸಾಯುತ್ತದೆಂದು 1994ರಲ್ಲಿ ಫ್ರಿಶ್ ಮತ್ತು ಫ್ರಾನ್ಸಿಸ್ ತೋರಿಸಿಕೊಟ್ಟರು. ಆ ಸಾವಿಗೆ ಅವರಿತ್ತ ಹೆಸರು ‘ಅನಾಯ್ಕಿಸ್’. ಮನೆಯಿಲ್ಲದ ಸ್ಥಿತಿ ಎಂಬುದು ಅದರ ಗ್ರೀಕ್ ಮೂಲದ ಅರ್ಥ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ, ಗೂಡು ತಪ್ಪಿದ ಸಾವು. ಈ ಸಾವು ಶರೀರಕ್ಕೆ ಕಾವಲು. ಗೂಡಿಲ್ಲದೆಯೂ ಬದುಕುವುದನ್ನು ಕಲಿತ ಕೋಶವೇ ಕ್ಯಾನ್ಸರ್ ಆಗಿ ಊರೂರು ಅಲೆಯುವಂತೆ ಅಂಗದಿಂದ ಅಂಗಕ್ಕೆ ಹರಡುತ್ತದೆ.

ಈ ಅರಿವು ನಮ್ಮ ರೇಷ್ಮೆಗೂ ಹೊಸದೊಂದು ಉಪಯೋಗವನ್ನು ತಂದಿದೆ. ಹಿಪ್ಪುನೇರಳೆ ರೇಷ್ಮೆಯ ಫೈಬ್ರೋಯಿನ್ ಪ್ರೋಟೀನಿನಲ್ಲಿ ಆ ಮೂರಕ್ಷರದ ತಾಣವಿಲ್ಲ. ಕಾಡಿನ ಟಸರ್ ರೇಷ್ಮೆಯಲ್ಲಿ ಉಂಟು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹಿಪ್ಪುನೇರಳೆ ರೇಷ್ಮೆಗೆ ಅದನ್ನು ಜೋಡಿಸಿ, ಮೂಳೆಯ ಕೋಶಗಳಿಗೆ ಅದು ಒಳ್ಳೆಯ ಆಸರೆಯಾಗುವುದನ್ನು 2001ರಲ್ಲಿ ಪ್ರಕಟಿಸಿದರು. ಹುಳುವಿನ ಗೂಡು ಮನುಷ್ಯಕೋಶಕ್ಕೂ ಗೂಡಾಗಬಲ್ಲುದು.

ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಅದರಿಂದ ಬಾಯಲ್ಲಿ ಹುಟ್ಟುವ ಕ್ಯಾನ್ಸರು ನೆಲೆ ಬಿಟ್ಟು ಕತ್ತಿಗೆ ಇಳಿಯುವ ಮುನ್ನವೇ ಸಿಕ್ಕಿದರೆ ಗುಣಪಡಿಸುವುದು ಬಹಳ ಸುಲಭ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇಂಥ ರೋಗಿಗಳ ಆರೈಕೆಯಲ್ಲಿ ತೊಡಗಿದೆ. ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನು ಉಪೇಕ್ಷಿಸದೆ ವೈದ್ಯರಿಗೆ ತೋರಿಸಬೇಕು. ಕೋಶ ಇನ್ನೂ ಗೂಡಿನಲ್ಲಿರುವಾಗಲೇ ನಾವು ಎಚ್ಚರಗೊಳ್ಳುವುದು ಲೇಸು.