ಕ್ಲೀನರ್ ಸೀಟಿನಿಂದ ಸ್ಟಾಂಪ್ ಪೇಪರಿಗೆ

ಹೋದ ಭಾನುವಾರ ನವುಲೆಯ ಮನೆಗೆ ಚಿಕ್ಕಪ್ಪನ ಮಗ ಬಂದಿದ್ದ. ಕೈಯಲ್ಲೊಂದು ಸ್ಟಾಂಪ್ ಪೇಪರ್. "ಅಣ್ಣಾ, ಹೆವಿ ಲೈಸೆನ್ಸಿನ ಖರ್ಚೆಲ್ಲ ಓನರ್ರೇ ಹಾಕ್ತಾರಂತೆ. ಎರಡು ವರ್ಷ ಅವರ ಲಾರೀನೇ ಓಡಿಸ್ಬೇಕು, ಮಧ್ಯ ಬಿಟ್ರೆ ದುಡ್ಡು ವಾಪಸ್ ಕೊಡ್ಬೇಕು. ಸೈನ್ ಹಾಕ್ಲಾ?" ಅಂದ.

ಅವರಪ್ಪ ಲಾರಿ ಕಲಿತಾಗ ಪೇಪರ್ರೇ ಇರಲಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು, 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಅವುಗಳ ಹಿಂದೆ ಲಾರಿಗಳೂ ಬಂದವು. ಲಾರಿ ಕಲಿಯೋ ಶಾಲೆ ಅಂದ್ರೆ ಕ್ಲೀನರ್ ಸೀಟು. ಚಿಕ್ಕಪ್ಪ ವರ್ಷಗಟ್ಟಲೆ ಗಾಜು ಒರೆಸಿ, ಜಾಕ್ ಹಾಕಿ, ಡ್ರೈವರಿಗೆ ಅನ್ನ ಬೇಯಿಸಿದ್ರು. ಖಾಲಿ ರಸ್ತೆ ಸಿಕ್ಕಾಗ ಡ್ರೈವರ್ ಸ್ಟೇರಿಂಗ್ ಕೊಡ್ತಿದ್ದ. ಫೀಸು ಇರಲಿಲ್ಲ, ಸಂಬಳವೂ ಇದ್ದೂ ಇಲ್ಲದ ಹಾಗೆ.

ಸಾಲ ಕೊಟ್ಟು ದುಡಿಸಿಕೊಳ್ಳೋದು ನಮಗೆ ಹೊಸದಲ್ಲ. ಅದಕ್ಕೆ ಜೀತ ಅಂತಿದ್ರು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ ಬಂದು ಅದು ಅಪರಾಧವಾಯ್ತು. ಹಾಗಂತ ಎಲ್ಲ ಬಾಂಡೂ ಜೀತವಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬನು ತನ್ನ ಕಸುಬು ಮಾಡದಂತೆ ತಡೆಯೋ ಕರಾರು ನಿಲ್ಲಲ್ಲ. ಆದರೆ 1967ರ ಗೋಲಿಕರಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕೆಲಸದ ಅವಧಿಯ ಒಳಗಿನ ಕಟ್ಟುಪಾಡು ಬೇರೆ ಅಂತ ಹೇಳಿತು. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಕೇಸಿನಲ್ಲಿ, ಮೂರು ವರ್ಷದೊಳಗೆ ಬಿಟ್ರೆ 2 ಲಕ್ಷ ಅನ್ನೋ ಷರತ್ತನ್ನೂ ಎತ್ತಿಹಿಡಿಯಿತು. 74ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಪೇಪರಿನಲ್ಲಿ ಎಷ್ಟೇ ಬರೆದಿರಲಿ, ಸಿಗೋದು ನ್ಯಾಯವಾದ ಪರಿಹಾರ ಮಾತ್ರ.

ಇದೆಲ್ಲ ನಾನು ಓದಿಕೊಂಡಿದ್ದು ತಡವಾಗಿ. ಬಿಇ ಮುಗಿಸಿ ಮೊದಲ ಕಂಪನಿಗೆ ಸೇರಿದಾಗ ನಾನೂ ಬಾಂಡಿಗೆ ಸೈನ್ ಹಾಕಿದ್ದೆ, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಕೊಟ್ಟಿದ್ದೆ. ಅಪ್ಪನಿಗೆ ಹುಷಾರಿಲ್ಲದಾಗ ಊರಿಗೆ ಬಂದು ಇರಬೇಕು ಅನ್ನಿಸಿತ್ತು. ಬಾಂಡಿನ ಹಣ ನೆನೆಸಿಕೊಂಡು ಬರಲಿಲ್ಲ.

ಅದಕ್ಕೇ ತಮ್ಮನಿಗೆ ಅಂದೆ: "ಸೈನ್ ಹಾಕ್ಬೇಡ ಅನ್ನಲ್ಲ ಮಾರಾಯ. ಮೊದ್ಲು ಮೂರು ಸಾಲು ಬರೆಸ್ಕೋ. ಖರ್ಚಾಗಿದ್ದಕ್ಕೆ ರಸೀದಿ. ನೀನು ದುಡಿದಂಗೆ ಪ್ರತಿ ತಿಂಗ್ಳೂ ಸಾಲ ಕಮ್ಮಿ ಆಗ್ಬೇಕು. ಲೈಸೆನ್ಸು, ಮಾರ್ಕ್ಸ್ ಕಾರ್ಡು ನಿನ್ ಹತ್ರಾನೇ ಇರ್ಬೇಕು." ಇನ್ನೊಂದೂ ಕೇಳಿದೆ, ಕಾರಿನ ಲೈಸೆನ್ಸಿಗೆ ವರ್ಷ ತುಂಬಿದೆಯಾ ಅಂತ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಅದಿಲ್ಲದೆ ಲಾರಿಗೆ ಎಲ್ಎಲ್ಲೂ ಸಿಗಲ್ಲ, ವಯಸ್ಸೂ 20 ಆಗಿರಬೇಕು. ಎರಡೂ ಆಗಿದೆಯಂತೆ.

ಚಿಕ್ಕಪ್ಪ ಫೋನಿನಲ್ಲಿ ನಕ್ಕರು. "ನಂಗೆ ಯಾವ ಬಾಂಡೂ ಇರ್ಲಿಲ್ಲ ಕಣೋ. ಆದ್ರೂ ಆರು ವರ್ಷ ಬಿಟ್ಟು ಹೋಗಕ್ಕಾಗ್ಲಿಲ್ಲ" ಅಂದ್ರು.

ತಮ್ಮ ಪೇಪರ್ ಮಡಚಿಕೊಂಡು ಭದ್ರಾವತಿ ಬಸ್ಸು ಹತ್ತಿದ. ಓನರ್ ಆ ಮೂರು ಸಾಲಿಗೆ ಒಪ್ಪಿದ್ರಾ ಅಂತ ಇನ್ನೂ ಫೋನು ಬಂದಿಲ್ಲ.